ಸಾವಿರ ಓಲೆಪ್ರತಿಗಳ ಒಡತಿ ಅತ್ತಿಮಬ್ಬೆ

ಹೊಸಹಳ್ಳಿಯ ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಚರಿತ್ರೆಯ ಒಂದು ಲೇಖನ ಬರೆಯಿರೆಂದು ಸಂಚಿಕೆಯ ಸಂಪಾದಕರು ಕೇಳಿದರು. ನಾನು ಇಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ಕಲ್ಯಾಣ ಚಾಲುಕ್ಯರ ಪಾಠವನ್ನು ಎರಡು ಪೀರಿಯಡ್‌ಗಳಲ್ಲಿ ಮುಗಿಸಬೇಕಿತ್ತು. ಅದರಲ್ಲಿ ಅತ್ತಿಮಬ್ಬೆಗೆ ಸಿಗುತ್ತಿದ್ದುದು ಒಂದೆರಡು ಸಾಲು ಮಾತ್ರ. ಆ ಸಾಲುಗಳ ಹಿಂದಿನ ಬದುಕನ್ನು ಇಲ್ಲಿ ಹೇಳುತ್ತೇನೆ.

ಅತ್ತಿಮಬ್ಬೆಯ ಅಜ್ಜ ನಾಗಮಯ್ಯ ವೆಂಗಿಮಂಡಲದ ಪುಂಗನೂರಿನವನು. ಅವನ ಮಕ್ಕಳು ಮಲ್ಲಪ ಮತ್ತು ಪುನ್ನಮಯ್ಯ. ತಮ್ಮ ಗುರು ಜಿನಚಂದ್ರರ ನೆನಪಿಗಾಗಿ ಈ ಸಹೋದರರು ಪೊನ್ನ ಕವಿಯಿಂದ 'ಶಾಂತಿಪುರಾಣ'ವನ್ನು ಬರೆಸಿದರು. ಮಲ್ಲಪನ ಮಗಳೇ ಅತ್ತಿಮಬ್ಬೆ. ಹೀಗೆ ಕಾವ್ಯದ ಮೇಲಿನ ಪ್ರೀತಿ ಆಕೆಗೆ ತವರಿನಿಂದಲೇ ಬಂದ ಬಳುವಳಿ.

973ರಲ್ಲಿ ರಾಷ್ಟ್ರಕೂಟರ ಆಳ್ವಿಕೆ ಕೊನೆಗೊಂಡು, ಎರಡನೆಯ ತೈಲಪನು ಚಾಲುಕ್ಯ ರಾಜ್ಯವನ್ನು ಮತ್ತೆ ಕಟ್ಟಿದನು. ಅವನ ಮಂತ್ರಿ ದಲ್ಲಪನ ಮಗ ನಾಗದೇವ ಹೆಸರಾಂತ ದಂಡನಾಯಕ. ಅತ್ತಿಮಬ್ಬೆ ಮತ್ತು ಆಕೆಯ ತಂಗಿ ಗುಂಡಮಬ್ಬೆ ಇಬ್ಬರೂ ಅವನ ಕೈಹಿಡಿದರು. ನಾಗದೇವ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಗುಂಡಮಬ್ಬೆ ಗಂಡನೊಡನೆ ಚಿತೆಯೇರಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಉಳಿದಳು. ವ್ರತನಿಯಮಗಳಲ್ಲಿ ಮೈ ದಂಡಿಸುತ್ತಲೇ ಮಗನನ್ನು ಬೆಳೆಸಿದಳು. ಅವನು ಮುಂದೆ ಪಡೆವಳ ತೈಲನೆಂದು ಹೆಸರಾದ.

ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ದಿನ ಬಂದ ದುಃಖವಿದು. ತಂಗಿಯ ಬದುಕು ಅಲ್ಲಿಗೇ ಮುಗಿಯಿತು. ಅಕ್ಕ ಉಳಿದದ್ದರಿಂದ ಕನ್ನಡಕ್ಕೆ ಏನೆಲ್ಲ ದಕ್ಕಿತು ನೋಡಿ.

ಅಪ್ಪ ಮತ್ತು ಚಿಕ್ಕಪ್ಪ ಬರೆಸಿದ್ದ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಆಕೆ ಮಾಡಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲ ಅದು. ಲಿಪಿಕಾರರು ಓಲೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಒಂದೊಂದೇ ಅಕ್ಷರ ಕೊರೆದು ಮಸಿ ತುಂಬಬೇಕಿತ್ತು. ಪೊನ್ನನ 'ಭುವನೈಕರಾಮಾಭ್ಯುದಯ' ನಮಗೆ ಸಿಕ್ಕಿಲ್ಲ, 'ಶಾಂತಿಪುರಾಣ' ಸಿಕ್ಕಿದೆ. ಪ್ರತಿ ಮಾಡುವವರಿಲ್ಲದಿದ್ದರೆ ಎಂಥ ಕಾವ್ಯವೂ ಹುಳು ಹಿಡಿದು ಮಣ್ಣಾಗುತ್ತದೆ.

ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೂ ಆಕೆ ಆಶ್ರಯ ಕೊಟ್ಟಳು. 993ರಲ್ಲಿ ಅವನು ಆಕೆಗಾಗಿ 'ಅಜಿತಪುರಾಣ' ರಚಿಸಿದ. ಮೇಲೆ ಹೇಳಿದ ಮನೆತನದ ವಿವರಗಳು ನಮಗೆ ತಿಳಿದಿರುವುದು ಮುಖ್ಯವಾಗಿ ಆ ಕಾವ್ಯದಿಂದ. ರನ್ನ ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟ. ಕವಿಯ ಕೃತಜ್ಞತೆಗೆ ಇದಕ್ಕಿಂತ ಸಾಕ್ಷಿ ಬೇಕೆ? ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಈಗಲೂ ನಿಂತಿದೆ. ಅಲ್ಲಿನ 1007ರ ಶಾಸನ ಆಕೆಯ ದಾನಗಳನ್ನು ಕೊಂಡಾಡುತ್ತದೆ. 'ದಾನಚಿಂತಾಮಣಿ' ಎಂಬ ಬಿರುದು ಸುಮ್ಮನೆ ಬಂದದ್ದಲ್ಲ.

ಇಂಥ ತಾಯಂದಿರು ಬೇರೆ ನಾಡುಗಳಲ್ಲೂ ಇದ್ದರು. ಸ್ಕಾಟ್ಲೆಂಡಿನ ಗ್ಯಾಲೊವೇ ಸೀಮೆಯ ಡೆರ್ವೊರ್ಗಿಲ್ಲಾ ಎಂಬ ಸಿರಿವಂತೆ 1268ರಲ್ಲಿ ಗಂಡ ಜಾನ್ ಬೇಲಿಯಲ್‌ನನ್ನು ಕಳೆದುಕೊಂಡಳು. ಅವನು ಆಕ್ಸ್‌ಫರ್ಡಿನ ಬಡ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ನೆರವನ್ನು ಆಕೆ ಶಾಶ್ವತಗೊಳಿಸಿ, 1282ರಲ್ಲಿ ನಿಯಮಾವಳಿ ಮಾಡಿಸಿದಳು. ಇಂದಿನ ಬೇಲಿಯಲ್ ಕಾಲೇಜು ಅದೇ. ಅತ್ತಿಮಬ್ಬೆ ಅವಳಿಗಿಂತ ಎರಡೂವರೆ ಶತಮಾನಕ್ಕೂ ಹಿಂದಿನವಳು ಎಂಬುದನ್ನು ನಮ್ಮ ಮಕ್ಕಳು ಹೆಮ್ಮೆಯಿಂದ ತಿಳಿದಿರಬೇಕು.

ಕರ್ನಾಟಕ ಸರ್ಕಾರ ಆಕೆಯ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ನಾವು ನಮ್ಮ ಕೈಲಾದದ್ದನ್ನು ಮಾಡೋಣ. ಈ ಶಾಲೆಯಲ್ಲಿ ಓದಿದ ಪ್ರತಿಯೊಬ್ಬರೂ ತಮ್ಮ ತಾಯಿಯ ಹೆಸರು ಬರೆದು ಒಂದೊಂದು ಕನ್ನಡ ಪುಸ್ತಕವನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಲಿ. ಓದಲು ಬರದಿದ್ದರೂ ನಮ್ಮನ್ನು ಓದಿಸಿದ ಎಷ್ಟೋ ತಾಯಂದಿರು ಈ ಊರಿನಲ್ಲಿದ್ದಾರೆ. ಅವರ ಹೆಸರುಗಳು ಪುಸ್ತಕದ ಮೊದಲ ಪುಟದಲ್ಲಿ ಉಳಿಯಲಿ.