ಜಲಮಿಶ್ರ ಚೂರ್ಣೌಷಧಗಳು

ಸೇವನೆಯ ವೇಳೆಗೆ ನೀರು ಬೆರೆಸಿಕೊಳ್ಳತಕ್ಕ ಪುಡಿ ಮದ್ದುಗಳಿಗೆ ಈ ಹೆಸರು ಸಲ್ಲುತ್ತದೆ. ಕಲ್ಪನೆ ನವೀನವೇನಲ್ಲ, ಆಯುರ್ವೇದದ ಶಾರ್ಙ್ಗಧರ ಸಂಹಿತೆಯು ಒಣದ್ರವ್ಯವನ್ನು ಕುಟ್ಟಿ ಬಟ್ಟೆಯಲ್ಲಿ ಸೋಸಿದುದನ್ನು ಚೂರ್ಣವೆಂದು ಕರೆದು, ನೆಕ್ಕುವುದಾದರೆ ತುಪ್ಪ ಮೊದಲಾದವು ಇಮ್ಮಡಿಯೂ, ಕಲಸಿ ಕುಡಿಯುವುದಾದರೆ ದ್ರವವು ನಾಲ್ಮಡಿಯೂ ಇರಬೇಕೆಂದು ವಿಧಿಸಿ, ಎರಡು ತಿಂಗಳು ಕಳೆದ ಚೂರ್ಣದ ವೀರ್ಯ ಕುಂದುವುದೆಂದೂ ಎಚ್ಚರಿಸಿದೆ.

ಪೆನಿಸಿಲಿನ್ ಕುಲದ ಔಷಧಗಳು ಬಂದಮೇಲೆ ಈ ವಿಧಾನಕ್ಕೆ ರಸಾಯನಶಾಸ್ತ್ರದ ಅನಿವಾರ್ಯತೆಯೂ ಒದಗಿತು. ಅವುಗಳ ಅಣುವಿನಲ್ಲಿರುವ ಬೀಟಾ-ಲ್ಯಾಕ್ಟಮ್ ಉಂಗುರವು ನೀರಿನಲ್ಲಿ ಒಡೆಯುವುದರಿಂದ, ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಮುಂತಾದವನ್ನು ಸಕ್ಕರೆ, ಅಂಟು, ಪರಿಮಳಗಳೊಡನೆ ಒಣಪುಡಿಯಾಗಿಯೇ ಸೀಸೆಗೆ ತುಂಬುವರು. ಇದೇ ಅಂಗಡಿಯವರ ಬಾಯಲ್ಲಿ 'ಡ್ರೈ ಸಿರಪ್'. ಪಶ್ಚಿಮ ಬೆಂಗಳೂರಿನಲ್ಲಿ ಈ ಉದ್ಯಮಕ್ಕೆ ಹೆಸರಾದದ್ದು, ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯೂ ರಾಜ್ಯದ ಕೈಗಾರಿಕಾ ಹೂಡಿಕೆ ನಿಗಮವೂ ಕೂಡಿ 1981ರಲ್ಲಿ ಸ್ಥಾಪಿಸಿದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್. ಇದರ ಕಾರ್ಖಾನೆ ಪೀಣ್ಯದಲ್ಲಿ.

ತಯಾರಕನ ಜಾಣ್ಮೆಯೆಲ್ಲ ನೀರನ್ನು ದೂರವಿಡುವುದರಲ್ಲಿದೆಯಾದರೂ, ಕಡೆಯ ಹದ ಮನೆಯವರ ಕೈಯಲ್ಲಿಯೇ ಉಳಿಯಿತು. ತಳಕ್ಕೆ ಕಚ್ಚಿದ ಪುಡಿಯನ್ನು ತಟ್ಟಿ ಸಡಿಲಿಸಿ, ಕಾಯಿಸಿ ಆರಿಸಿದ ನೀರನ್ನು ಮೊದಲು ಅರ್ಧದಷ್ಟು ಹೊಯ್ದು ಅಲುಗಿಸಿ, ನೊರೆ ಇಳಿದ ಬಳಿಕವಷ್ಟೇ ಗೆರೆಯವರೆಗೆ ತುಂಬಬೇಕು. ನೊರೆಯನ್ನೇ ಮಟ್ಟವೆಂದು ಬಗೆದರೆ ನೀರು ಕಡಮೆಯಾಗಿ ಚಮಚೆಗೆ ಮದ್ದು ಹೆಚ್ಚು ಬೀಳುತ್ತದೆ.

ಅಳತೆಯ ಈ ಮಾತು ವಾಂತಿಭೇದಿಯ ಲವಣಚೂರ್ಣಕ್ಕೆ, ಅಂದರೆ ಓಆರ್‌ಎಸ್‌ಗೆ, ಇನ್ನೂ ಮಿಗಿಲಾಗಿ ಸಲ್ಲುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ವೈದ್ಯ ದಿಲೀಪ್ ಮಹಾಲನಬೀಸ್ ಮತ್ತು ಸಂಗಡಿಗರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಲೆಕ್ಕದಲ್ಲಿ ಬೆರೆಸಿದ ಪುಡಿಯನ್ನು ಕಲ್ಕತ್ತೆಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಕಾದ ಇಸ್ತ್ರಿಪೆಟ್ಟಿಗೆಯಿಂದ ಅವುಗಳ ಬಾಯಿ ಮುಚ್ಚಿದರು; ಸಿರೆಗೆ ಏರಿಸುವ ದ್ರವ ಸಾಲದೆ ಬಂದಾಗ ಕೈಗೊಂಡ ಉಪಾಯವದು. ಗ್ಲೂಕೋಸಿನ ಸಂಗಡವಿದ್ದರೆ ಸೋಡಿಯಮನ್ನು ಕರುಳು ಹೀರಿಕೊಳ್ಳುವುದೆಂಬ ತತ್ತ್ವವೇ ಇದಕ್ಕೆ ಆಧಾರ. ತೇವದ ಹವೆಯಲ್ಲಿ ಸೋಡಾ ಬೆರೆತ ಪುಡಿ ಗಂಟುಗಟ್ಟಿ ಕಂದುಬಣ್ಣಕ್ಕೆ ತಿರುಗುತ್ತಿದ್ದುದರಿಂದ 1984ರ ಸೂತ್ರದಲ್ಲಿ ಸಿಟ್ರೇಟ್ ಅದರ ಸ್ಥಾನಕ್ಕೆ ಬಂತು. 2002ರಲ್ಲಿ ಉಪ್ಪನ್ನೂ ಸಕ್ಕರೆಯನ್ನೂ ತಗ್ಗಿಸಿ ಆಸ್ಮೋಲಾರಿಟಿಯನ್ನು, ಅಂದರೆ ದ್ರಾವಣದಲ್ಲಿ ಕರಗಿದ ಕಣಗಳ ಸಾಂದ್ರತೆಯನ್ನು, ಲೀಟರಿಗೆ 311 ಮಿಲಿಆಸ್ಮೋಲಿನಿಂದ 245ಕ್ಕೆ ಇಳಿಸಲಾಯಿತು. ಹೀಗಾದ 20.5 ಗ್ರಾಮಿನ ಪೊಟ್ಟಣಕ್ಕೆ ನೀರು ಒಂದು ಲೀಟರು; ಲೋಟದಲ್ಲಿ ಕಲಕಿ ಕುಡಿಸಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಒಂದು ಲೋಟಕ್ಕೆಂದೇ ಮಾಡಿದ ಚಿಕ್ಕ ಪೊಟ್ಟಣಗಳೂ ಈಗ ಮಾರಾಟಕ್ಕಿರುವುದರಿಂದ, ಯಾವುದಕ್ಕೆ ಎಷ್ಟು ನೀರೆಂಬುದನ್ನು ಪೊಟ್ಟಣದ ಮೇಲಿನ ಬರಹದಿಂದಲೇ ತಿಳಿಯಬೇಕು.