ಗೆರೆಯೋ, ಕಲೆಯೋ? ರೇಖಾಚಿತ್ರ ಗಣಕ ಸೇರಿದ ಕತೆ

ಮಸಿಯಲ್ಲಿ ಬರೆದ ಚಿತ್ರವೊಂದನ್ನು ಸ್ಕ್ಯಾನ್ ಮಾಡಿ ಗಣಕದಲ್ಲಿ ತೆರೆದಿದ್ದೀರಿ ಎನ್ನೋಣ. ಬಣ್ಣ ತುಂಬುವ ಬಕೆಟ್ಟಿನ ಗುರುತನ್ನು ಸೀರೆಯ ಮೇಲಿಟ್ಟು ಒತ್ತಿದರೆ ಸೀರೆ ಕೆಂಪಾಗಬೇಕು. ಆದರೆ ಒಮ್ಮೊಮ್ಮೆ ಆಕಾಶವೂ ಕೆಂಪಾಗುತ್ತದೆ! ಒತ್ತಿದ ಬಿಂದುವಿನಿಂದ ಹೊರಟ ಬಣ್ಣ ಗೆರೆ ಅಡ್ಡ ಬರುವ ತನಕ ಹರಡುತ್ತದೆ. ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆಚೆಗೆ ನುಗ್ಗುತ್ತದೆ. ಆದ್ದರಿಂದ ಬಣ್ಣಕ್ಕೆ ಮೊದಲು ಗೆರೆಯನ್ನು ಶುಚಿಗೊಳಿಸಬೇಕು. ಯಾವುದು ಗೆರೆ, ಯಾವುದು ಕಲೆ? ಈ ಪ್ರಶ್ನೆ ಗಣಕಕ್ಕಿಂತ ಹಳೆಯದು.

ಹಾಸನ ಜಿಲ್ಲೆಯ ಶಾಸನಗಳನ್ನೇ ನೋಡಿ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 5ನೆಯ ಸಂಪುಟ 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಕಲ್ಬರಹಗಳು ಅದರಲ್ಲಿವೆ. ಶಾಸನದ ಪಡಿಯಚ್ಚು ತೆಗೆಯುವ ಕ್ರಮ ಹೀಗೆ: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮೇಲೆ ಮಸಿಯ ಉಂಡೆ ಒತ್ತಿದರೆ ಮೈ ಕಪ್ಪು, ಅಕ್ಷರ ಬಿಳಿ. ಬೂದು ಛಾಯೆಗೆ ಹೆಚ್ಚು ಎಡೆಯಿಲ್ಲದ, ಬಹುಮಟ್ಟಿಗೆ ಎರಡೇ ಬೆಲೆಗಳ ಚಿತ್ರ ಇದು. ತೊಂದರೆಯೂ ಅಲ್ಲೇ ಇದೆ. ಕಲ್ಲು ತಾನಾಗಿ ಸವೆದ ಗುಳಿಯೂ ಬಿಳಿಯಾಗಿಯೇ ಮೂಡುತ್ತದೆ. ಅದು ಬರಿಯ ಗುಳಿಯೋ, ಅನುಸ್ವಾರವೋ? ತೀರ್ಮಾನ ಓದುವವರದ್ದು.

ಚಿತ್ರಗಳನ್ನು ಅಚ್ಚಿಗೆ ಸಿದ್ಧಮಾಡುವಾಗಲೂ ಇದೇ ಕೆಲಸ. ರೇಖಾಚಿತ್ರವನ್ನು ದೊಡ್ಡ ಕ್ಯಾಮರಾದಲ್ಲಿ, ಕಪ್ಪು-ಬಿಳುಪನ್ನಷ್ಟೇ ಉಳಿಸುವ ಫಿಲ್ಮಿನ ಮೇಲೆ ಹಿಡಿಯುತ್ತಿದ್ದರು. ನೆಗೆಟಿವ್‌ನಲ್ಲಿ ಉಳಿದ ಚುಕ್ಕೆಗಳನ್ನು ಕುಂಚದಿಂದ ಒಂದೊಂದಾಗಿ ಮುಚ್ಚುತ್ತಿದ್ದರು. ಆ ಫಿಲ್ಮು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತಿದ್ದುದರಿಂದ ತಿಳಿನೀಲಿ ಪೆನ್ಸಿಲ್ಲಿನ ಕರಡು ಗೆರೆ ಅದಕ್ಕೆ ಬಿಳಿ ಕಾಗದದಂತೆಯೇ ಕಾಣುತ್ತಿತ್ತು. ಅಳಿಸುವ ಶ್ರಮವೇ ಇರಲಿಲ್ಲ. ಈ ಉಪಾಯ ಇಂದಿಗೂ ನಡೆಯುತ್ತದೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕೆಂಪು, ಹಸಿರು, ನೀಲಿ ಪದರಗಳಲ್ಲಿ ನೀಲಿಯೊಂದನ್ನೇ ಉಳಿಸಿಕೊಂಡರೆ ಪೆನ್ಸಿಲ್ ಗೆರೆ ಬಹುಪಾಲು ಮಾಯವಾಗುತ್ತದೆ.

ಬಣ್ಣಕ್ಕೆ ಬಂದರೆ, ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದಿದೆ. 'ಅಮರ ಚಿತ್ರ ಕಥೆ' ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅದಕ್ಕೆ ಕಾರಣರು. ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕತೆಗಳು; ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ 'ಕೃಷ್ಣ'ಕ್ಕೆ ಬಿದ್ದ ಸಂಖ್ಯೆ 11. ಖರ್ಚು ಉಳಿಸಲು ಮಾಲಿಕೆಯ ಆರಂಭದ ಸಂಚಿಕೆಗಳಲ್ಲಿ ಹಳದಿ, ನೀಲಿ, ಹಸಿರು ಬಣ್ಣಗಳನ್ನಷ್ಟೇ ಬಳಸುತ್ತಿದ್ದರು. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು ತಾನಾಗಿ ಹುಟ್ಟುತ್ತದಲ್ಲವೆ? ಅಚ್ಚಿನಲ್ಲಿ ಒಂದೊಂದು ಮಸಿಗೂ ಪ್ರತ್ಯೇಕ ಫಲಕ. ಫಲಕಗಳು ತುಸು ಅತ್ತಿತ್ತ ಸರಿದರೂ ದಪ್ಪ ಕಪ್ಪು ಗೆರೆ ಆ ತಪ್ಪನ್ನು ಮುಚ್ಚುತ್ತದೆ. ಚಿತ್ರಕತೆಯ ಗೆರೆ ದಪ್ಪಗಿರುವುದು ಬರಿಯ ಶೈಲಿಯಲ್ಲ.

ಚಿತ್ರವನ್ನು ಗಣಕಕ್ಕೆ ಮೊದಲು ಊಡಿಸಿದವರು ಅಮೆರಿಕದ ರಸೆಲ್ ಕರ್ಶ್, 1957ರಲ್ಲಿ. ತಮ್ಮ ಮಗುವಿನ 5 ಸೆಂ.ಮೀ. ಚದರ ಫೋಟೋವನ್ನು 176 × 176, ಅಂದರೆ 30,976 ಬಿಂದುಗಳಾಗಿ ಒಡೆದರು. ಒಂದು ಸಲಕ್ಕೆ ಪ್ರತಿ ಬಿಂದುವೂ ಕಪ್ಪು ಇಲ್ಲವೆ ಬಿಳಿ. ಎಷ್ಟು ಕಪ್ಪಾದರೆ ಕಪ್ಪು? ಆ ಎಲ್ಲೆಯನ್ನು ಗಣಕವೇ ಕಂಡುಕೊಳ್ಳುವ ಸರಳ ಸೂತ್ರವನ್ನು ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಕೊಟ್ಟರು. ಬಿಂದುಗಳನ್ನು ಕಪ್ಪು, ಬಿಳಿ ಎಂದು ಎರಡು ಗುಂಪು ಮಾಡಿದಾಗ ಗುಂಪುಗಳ ನಡುವಿನ ಅಂತರ ಅತಿ ಹೆಚ್ಚಾಗುವಲ್ಲಿ ಗಡಿ ಎಳೆಯಬೇಕು. ಕಾಗದದ ಒಂದು ಮೂಲೆಗೆ ನೆರಳು ಬಿದ್ದಿದ್ದರೆ ಮಾತ್ರ ಇಡೀ ಪುಟಕ್ಕೆ ಒಂದೇ ಗಡಿ ಸಾಲದು.

ಇನ್ನು ಲೆಕ್ಕ. ಇಂಚಿಗೆ 600 ಬಿಂದುಗಳಂತೆ ಎ4 ಹಾಳೆಯಲ್ಲಿ ಸುಮಾರು 3.5 ಕೋಟಿ ಬಿಂದುಗಳು. 0.3 ಮಿ.ಮೀ. ಗೆರೆಗೆ ಏಳು ಬಿಂದುಗಳ ಅಗಲ ಸಿಗುತ್ತದೆ; 150ಕ್ಕೆ ಇಳಿಸಿದರೆ ಎರಡೂ ಇಲ್ಲ, ಗೆರೆ ತುಂಡಾಗುತ್ತದೆ. ಬೂದು ಛಾಯೆಯಲ್ಲಿ ಸ್ಕ್ಯಾನ್ ಮಾಡಿದ ಗೆರೆಯ ಅಂಚು ಮಸುಕಾಗಿರುವುದರಿಂದ ಬಣ್ಣಕ್ಕೂ ಗೆರೆಗೂ ನಡುವೆ ಬಿಳಿ ಎಳೆ ಉಳಿಯುತ್ತದೆ. ಗೆರೆಯನ್ನು ಮೇಲಿನ ಪದರದಲ್ಲಿಟ್ಟು ಬಣ್ಣವನ್ನು ಕೆಳಗಿನ ಪದರದಲ್ಲಿ ಗೆರೆಯಡಿಗೂ ಹರಿಸುವುದು ಇದಕ್ಕೆ ಪರಿಹಾರ. ಹಳೆಯ ಫಲಕಗಳ ಉಪಾಯವೇ!

ಚುಕ್ಕೆ ತೆಗೆಯುವ ಆಜ್ಞೆಯನ್ನು ಮಾತ್ರ ನಂಬಿ ಕೂರಬಾರದು. ಅದು ಅಳತೆಯನ್ನಷ್ಟೇ ನೋಡುತ್ತದೆ. ಧೂಳಿನ ಜೊತೆ ಕಣ್ಣಿನ ಮಿಂಚೂ ಹೋಗುತ್ತದೆ. ಮಾತಿನ ಗುಳ್ಳೆಯಲ್ಲಿ ಕೈಬರಹದ ಸಣ್ಣ ಅನುಸ್ವಾರ ಅಳಿದರೆ 'ದಂಡ' ಹೋಗಿ 'ದಡ'ವಾಗುತ್ತದೆ.

ಕಲ್ಲಿನ ಗುಳಿಯ ಪ್ರಶ್ನೆಗೆ ಈಗ ಬೇರೊಂದು ಸಾಧನ ಸಿಕ್ಕಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಆರಂಭಿಸಿತು. ಅದರಲ್ಲಿ ಆಳವೂ ದಾಖಲಾಗುವುದರಿಂದ ಉಳಿಯ ಗೀರನ್ನೂ ಸವೆದ ಗುಳಿಯನ್ನೂ ಬೇರ್ಪಡಿಸಿ ನೋಡುವುದು ಸುಲಭ. ಕಾಗದದ ಮಸಿಗೆ ಅಂಥ ಆಳವಿಲ್ಲ. ಹೀಗಾಗಿ ಶುಚಿಗೊಳಿಸುವ ಮೊದಲು ಮೂಲ ಸ್ಕ್ಯಾನಿನ ಪ್ರತಿಯೊಂದನ್ನು, ಕಲೆಗಳ ಸಮೇತ, ಮುಟ್ಟದೆ ಬೇರೆ ಕಡೆ ಉಳಿಸಿಡುತ್ತಾರೆ.