ಕಾಳುಮೆಣಸಿನ ಬೆನ್ನಿಗೆ ನಿಂತ ಬೆಟ್ಟ

1623ರ ಮಳೆಗಾಲ ಕಳೆದ ಮೇಲೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಲ್ಲಿ ದೋಣಿ ಹತ್ತಿ ಶರಾವತಿಯ ಗುಂಟ ಗೇರುಸೊಪ್ಪೆಯ ಕಡೆ ಹೊರಟ. ಅವನ ಜೊತೆಗಿದ್ದವನು ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋಗುತ್ತಿದ್ದ ಪೋರ್ಚುಗೀಸ್ ರಾಯಭಾರಿ. ಅಲ್ಲಿ ಇತ್ಯರ್ಥವಾಗಬೇಕಿದ್ದ ವಿಷಯಗಳಲ್ಲಿ ಕಾಳುಮೆಣಸಿನ ವ್ಯವಹಾರವೂ ಒಂದು. ದೋಣಿ ಮುಟ್ಟಿದ ಗೇರುಸೊಪ್ಪೆ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ದೆಲ್ಲಾ ವಾಲೆ ನೋಡುವ ಹೊತ್ತಿಗೆ ಅರಮನೆ ಕುಸಿದು ಪೇಟೆಯೆಲ್ಲ ಹಾಳುಬಿದ್ದು ಕಾಡು ಬೆಳೆದಿತ್ತು. ಈ ಸೀಮೆಯಲ್ಲಿ ಮೆಣಸು ಹೇರಳವಾದ್ದರಿಂದ ಇದನ್ನಾಳಿದ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದರು ಎಂಬ ಮಾತನ್ನು ಅವನು ಬರೆದಿಟ್ಟುಕೊಂಡ.

ಆ ರಾಣಿ ಚೆನ್ನಭೈರಾದೇವಿ. ಸಾಳುವ ಮನೆತನದ ಈ ಜೈನ ಅರಸಿ 1552ರಿಂದ 1606ರವರೆಗೆ, ಅಂದರೆ ಐವತ್ತಕ್ಕೂ ಹೆಚ್ಚು ವರ್ಷ ಆಳಿದಳು. ಶರಾವತಿ, ಅಘನಾಶಿನಿ ನದಿಗಳು ಕಡಲು ಸೇರುವ ತೀರ ಅವಳ ಕೈಯಲ್ಲಿತ್ತು. ಅಘನಾಶಿನಿಯ ದಡದ ಮಿರ್ಜಾನ್ ಕೋಟೆಯನ್ನು ಜನ ಇಂದಿಗೂ ಅವಳ ಹೆಸರಿನೊಂದಿಗೇ ನೆನೆಯುತ್ತಾರೆ. ಘಟ್ಟದ ಮೆಣಸು ಎತ್ತಿನ ಹೇರುಗಳಲ್ಲಿ ಇಳಿದು ದೋಣಿ ಸೇರುತ್ತಿತ್ತು, ದೋಣಿಯಿಂದ ಹಡಗಿಗೆ ಹೋಗುತ್ತಿತ್ತು. ಅದಕ್ಕಾಗಿ ಕಡಲಿನವರು ಕತ್ತಿ ಹಿರಿಯಲೂ ಹಿಂಜರಿಯಲಿಲ್ಲ. ರಾಣಿ ಪಟ್ಟಕ್ಕೆ ಬರುವ ಮೊದಲೇ, 1542ರಲ್ಲಿ, ಪೋರ್ಚುಗೀಸರು ಭಟ್ಕಳವನ್ನು ಸೂರೆ ಮಾಡಿದ್ದರು. 1569ರಲ್ಲಿ ಹೊನ್ನಾವರವನ್ನು ಹಿಡಿದು ಅಲ್ಲಿ ಕೋಟೆ ಕಟ್ಟಿದರು. ಕೊನೆಗೆ ರಾಣಿ ಸೋತದ್ದು ಅವರಿಗಲ್ಲ, ಘಟ್ಟದ ಮೇಲೆ ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ನಾಯಕರಿಗೆ. ಅವಳ ನಂತರ ಮೆಣಸಿನ ಬೆಲೆ ಮಾತಾಡಲು ಗೋವೆಯವರು ಇಕ್ಕೇರಿಯ ದಾರಿ ಹಿಡಿಯಬೇಕಾಯಿತು.

ಇಷ್ಟು ಕಥೆ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಆ ಮೆಣಸು ಬೆಳೆದದ್ದು ಕೋಟೆಯಲ್ಲೂ ಅಲ್ಲ, ಬಂದರಿನಲ್ಲೂ ಅಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಇಕ್ಕಟ್ಟಾದ ಕಣಿವೆಗಳಲ್ಲಿ, ಅಡಿಕೆ ಮರಗಳ ಮೈಮೇಲೆ. ಆ ತೋಟದ ಚರಿತ್ರೆಯನ್ನು ಬಿಟ್ಟು ಮೆಣಸಿನ ರಾಣಿಯ ಕಥೆ ಪೂರ್ತಿಯಾಗುವುದಿಲ್ಲ.

ಕಾಳುಮೆಣಸು ಪಶ್ಚಿಮ ಘಟ್ಟದ ಸ್ವಂತ ಬಳ್ಳಿ. ಕಾಡಿನಲ್ಲಿ ಇದರ ಗಂಡು ಬಳ್ಳಿ, ಹೆಣ್ಣು ಬಳ್ಳಿ ಹೆಚ್ಚಾಗಿ ಬೇರೆ ಬೇರೆ. ತೋಟಕ್ಕೆ ಬಂದ ತಳಿಗಳಲ್ಲಿ ಒಂದೇ ಹೂವಿನಲ್ಲಿ ಎರಡೂ ಇರುವುದು ಹೆಚ್ಚು. ಹೆಚ್ಚು ಕಾಳು ಕಟ್ಟುವ ಬಳ್ಳಿಯನ್ನು ಗುರುತಿಟ್ಟು, ಅದರ ತುಂಡನ್ನೇ ಮತ್ತೆ ಮತ್ತೆ ನೆಟ್ಟ ತಲೆಮಾರುಗಳ ಕೆಲಸ ಅದು. ಮಲ್ಲಿಗೆಸರದಂಥ ಹಳೆಯ ತಳಿಗಳು ಹೀಗೆ ಉಳಿದು ಬಂದವು. ಮೊದಲ ಮಳೆ ಬಿದ್ದ ಮೇಲೆ ಬಳ್ಳಿ ಚಿಗುರಿ ತೆನೆ ಬಿಡುತ್ತದೆ. ಪರಾಗ ಹರಡುವ ಕೆಲಸದಲ್ಲಿ ತೆನೆಯ ಗುಂಟ ಇಳಿಯುವ ಮಳೆಹನಿಯ ಪಾಲು ದೊಡ್ಡದು. ಆ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ಆ ವರ್ಷದ ಫಸಲೂ ಕೈಕೊಟ್ಟಂತೆಯೇ. ಕಾಳು ಬಲಿಯಲು ಆರೆಂಟು ತಿಂಗಳು ಬೇಕು. ಚಳಿಗಾಲ ಬಂತೆಂದರೆ ಒಂಟಿ ಬಿದಿರಿನ ಏಣಿ ಮರಕ್ಕೆ ಒರಗುತ್ತದೆ, ಕೊಯ್ಲು ಶುರುವಾಗುತ್ತದೆ. ಹಸಿರು ಕಾಳನ್ನು ಅಂಗಳದಲ್ಲಿ ಒಣಗಿಸಿದರೆ ಅದೇ ಕರಿಮೆಣಸು. ಮೂರು ಪಾಲು ಹಸಿ ಕಾಳಿಗೆ ಸುಮಾರು ಒಂದು ಪಾಲು ಒಣಮೆಣಸು ಸಿಗುತ್ತದೆ. ಹಣ್ಣಾದ ಕಾಳನ್ನು ಕೆಲವು ದಿನ ನೀರಿನಲ್ಲಿ ನೆನೆಹಾಕಿ ಸಿಪ್ಪೆ ತಿಕ್ಕಿ ತೆಗೆದರೆ ಬೋಳುಕಾಳು.

ಮೆಣಸಿನ ಬಳ್ಳಿಗೆ ಆಸರೆ ಬೇಕು, ತಂಪು ಬೇಕು. ಬುಡದಲ್ಲಿ ನೀರು ನಿಂತರೆ ಮಾತ್ರ ಸಹಿಸದು. ಘಟ್ಟದ ತೋಟಿಗರು ಇದಕ್ಕೆ ಕಂಡುಕೊಂಡ ದಾರಿ ಅಡಿಕೆ ತೋಟ. ಎರಡೂ ಬದಿ ಗುಡ್ಡವಿರುವ ಕಣಿವೆಯನ್ನು ಆರಿಸಿ, ಅದರ ತಳವನ್ನು ಉದ್ದುದ್ದ ಪಟ್ಟಿಗಳಾಗಿ ಮಾಡಿ, ನಡುವೆ ಕಾಲುವೆ ತೋಡುತ್ತಾರೆ. ಮಳೆಗಾಲದಲ್ಲಿ ಹೆಚ್ಚಿದ ನೀರನ್ನು ಹೊರಗೆ ಸಾಗಿಸುವುದು ಆ ಕಾಲುವೆಗಳೇ. ಪಟ್ಟಿಯ ಮೇಲೆ ಅಡಿಕೆ, ಅದನ್ನು ಹಬ್ಬಿ ಮೆಣಸು, ನಡುನಡುವೆ ಬಾಳೆ, ನೆರಳಿನ ಬುಡದಲ್ಲಿ ಏಲಕ್ಕಿ, ಅಲ್ಲಲ್ಲಿ ವೀಳ್ಯದ ಬಳ್ಳಿ. ಮೇಲಿನಿಂದ ಕೆಳಗಿನವರೆಗೆ ಬೆಳಕಿನ ಒಂದೊಂದು ಪದರಕ್ಕೂ ಒಂದೊಂದು ಬೆಳೆ ಇದೆ.

ಇಂಥ ತೋಟಗಳನ್ನು ಹೊರಗಿನವನೊಬ್ಬ ಕುಳಿತು ಬರೆದಿಟ್ಟದ್ದು 1801ರಲ್ಲಿ. ಟಿಪ್ಪು ಮಡಿದ ಮೇಲೆ ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನೇನು ಬೆಳೆಯುತ್ತದೆ ಎಂದು ತಿಳಿಯಲು ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತ್ತು. ಅವನು ಸೋದೆ, ಶಿರಸಿಯ ಸುತ್ತ ತಿರುಗಿ ಹವ್ಯಕ ಬ್ರಾಹ್ಮಣರ ತೋಟಗಳಲ್ಲಿ ಅಡಿಕೆ, ಮೆಣಸು, ಏಲಕ್ಕಿ ಒಟ್ಟಿಗೆ ಬೆಳೆಯುವ ಬಗೆಯನ್ನು ವಿವರವಾಗಿ ದಾಖಲಿಸಿದ. ಅವನ ಪ್ರವಾಸದ ಗ್ರಂಥ 1807ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಅವನು ಬರುವ ಹೊತ್ತಿಗೆ ಈ ಸೀಮೆಯನ್ನಾಳಿದ ಸೋದೆಯ ಅರಸರೂ ಇರಲಿಲ್ಲ. 1760ರ ದಶಕದಲ್ಲಿ ಹೈದರಾಲಿಯ ದಾಳಿಗೆ ಸಿಕ್ಕಿ ಅವರು ಗೋವೆಗೆ ಓಡಿದ್ದರು. ಇಂಗ್ಲಿಷರು 1638ರಷ್ಟು ಹಿಂದೆಯೇ ಕಾರವಾರದಲ್ಲಿ ಕೋಠಿ ತೆರೆದು ಕೊಳ್ಳುತ್ತಿದ್ದ ಮೆಣಸು ಇಳಿಯುತ್ತಿದ್ದದ್ದು ಇದೇ ಸೋದೆ ಸೀಮೆಯಿಂದ. ಟಿಪ್ಪು ಮೆಣಸು, ಏಲಕ್ಕಿ, ಗಂಧದ ವ್ಯಾಪಾರವನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡು ಮಸ್ಕತ್‌ನವರೆಗೆ ಕೋಠಿ ನಡೆಸಿದ. ಗೇರುಸೊಪ್ಪೆ, ಇಕ್ಕೇರಿ, ಸೋದೆ, ಶ್ರೀರಂಗಪಟ್ಟಣ ಒಂದಾದ ಮೇಲೊಂದು ಬಿದ್ದವು. ತೋಟದಲ್ಲಿ ಮಾತ್ರ ಪ್ರತಿ ಮಳೆಗಾಲಕ್ಕೂ ಬಳ್ಳಿ ನೆಡುವುದು ನಿಲ್ಲಲಿಲ್ಲ.

ಏಲಕ್ಕಿಯದ್ದು ಇನ್ನೊಂದು ದಾರಿ. ಅದು ಘಟ್ಟ ಇಳಿಯುವುದಕ್ಕಿಂತ ಬಯಲಿಗೆ ಹೋದದ್ದು ಹೆಚ್ಚು. ಒಂದು ಏಲಕ್ಕಿ ಗಿಡವೂ ಬೆಳೆಯದ ಹಾವೇರಿ ಏಲಕ್ಕಿಯ ಪೇಟೆಯೆಂದು ಹೆಸರಾಯಿತು. ಕೆನರಾದಿಂದ ಬಂದ ಕಾಯನ್ನು ಅಲ್ಲಿನ ಬಾವಿಯ ನೀರಿನಲ್ಲಿ ತೊಳೆದು ಬಿಳುಪು ಮಾಡುವ ಕಸಬು ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲೂ ದಾಖಲಾಗಿದೆ. ಹಾವೇರಿಯ ಏಲಕ್ಕಿ ಹಾರ ಇಂದಿಗೂ ಸಭೆ ಸಮಾರಂಭಗಳಲ್ಲಿ ಗಣ್ಯರ ಕೊರಳಿಗೆ ಬೀಳುತ್ತದೆ.

ಇಷ್ಟೊಂದು ಬೆಳೆಯನ್ನು ಒಂದೇ ನೆಲದಲ್ಲಿ ನೂರಾರು ವರ್ಷ ತೆಗೆದರೂ ಮಣ್ಣು ಸೋಲಲಿಲ್ಲ. ಉತ್ತರ ತೋಟದ ಒಳಗಿಲ್ಲ, ಅದರ ಮೇಲಿನ ಗುಡ್ಡದಲ್ಲಿದೆ. ಮಳೆಗಾಲದಲ್ಲಿ ಮರದ ಟೊಂಗೆಯಿಂದ ಹಸಿಸೊಪ್ಪು ಕಡಿದು, ಬೇಸಿಗೆಯಲ್ಲಿ ಉದುರಿದ ದರಕು ಗುಡಿಸಿ ತರುತ್ತಾರೆ. ಅದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿಗೆಯಾಗಿ, ಸಗಣಿ ಗಂಜಲದೊಂದಿಗೆ ಬೆರೆತು, ಗೊಬ್ಬರಗುಂಡಿಯಲ್ಲಿ ಕೊಳೆತು ಅಡಿಕೆಯ ಬುಡ ಸೇರುತ್ತದೆ. ಕೆಲವು ವರ್ಷಗಳಿಗೊಮ್ಮೆ ಗುಡ್ಡದ ಕೆಮ್ಮಣ್ಣನ್ನೂ ಹೊತ್ತು ತಂದು ಹಾಕುತ್ತಾರೆ. ಸೊಪ್ಪಿಗಾಗಿ ತೋಟಕ್ಕೆ ಹೊಂದಿಕೊಂಡ ಈ ಕಾಡಿಗೆ ಅಲ್ಲಿನವರು ಇಟ್ಟ ಹೆಸರು ಬೆಟ್ಟ. ಸರ್ಕಾರಿ ದಾಖಲೆಯಲ್ಲಿ ಅದು ಸೊಪ್ಪಿನ ಬೆಟ್ಟ.

1862ರಲ್ಲಿ ಉತ್ತರ ಕೆನರಾ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಮೇಲೆ ಬ್ರಿಟಿಷ್ ಸರ್ಕಾರ ಕಾಡಿನ ಸುತ್ತ ಗಡಿ ಹಾಕಲು ಹೊರಟಿತು. ಅದಕ್ಕೆ ಬೇಕಿದ್ದದ್ದು ತೇಗ. ತೋಟಿಗರಿಗೆ ಬೇಕಿದ್ದದ್ದು ಸೊಪ್ಪು. ಜನರ ಅಳಲನ್ನು ಸರ್ಕಾರದ ಮುಂದಿಡಲು 1880ರ ದಶಕದಲ್ಲಿ ‘ವನದುಃಖ ನಿವಾರಣಾ ಸಭೆ’ ಎಂಬ ಸಂಘಟನೆಯೇ ಹುಟ್ಟಿತು. ಹಲವು ಸುತ್ತಿನ ವ್ಯಾಜ್ಯದ ನಂತರ, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ನಿಂತಿತು. ಸರ್ಕಾರದ ಈ ಲೆಕ್ಕವೇ ಒಂದು ಸತ್ಯವನ್ನು ಒಪ್ಪಿಕೊಂಡಂತಾಯಿತು: ಒಂದು ಎಕರೆ ಮೆಣಸು ಅಡಿಕೆಯ ಹಿಂದೆ ಅದರ ಎಷ್ಟೋ ಪಟ್ಟು ಕಾಡು ದುಡಿಯುತ್ತಿದೆ. ಲಿಸ್ಬನ್ನಿನ ವರ್ತಕನ ತಕ್ಕಡಿಯಲ್ಲಿ ತೂಗಿದ ಮೆಣಸಿಗೆ ಈ ಸೊಪ್ಪಿನ ಖರ್ಚು ಎಂದೂ ಸೇರಿರಲಿಲ್ಲ.

20ನೇ ಶತಮಾನ ತೋಟಕ್ಕೆ ಹೊಸ ವಿದ್ಯೆ ತಂದಿತು. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ಮಲೆನಾಡಿನಲ್ಲಿ ಬೇರೂರಿಸಿದರು. ಮಧ್ಯವರ್ತಿಗಳ ಕೈಯಿಂದ ಬೆಳೆಯನ್ನು ಬಿಡಿಸಿಕೊಳ್ಳಲು ಶಿರಸಿಯ ತೋಟಿಗರು 1923ರಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡರು. ಕೇರಳದ ಪನ್ನಿಯೂರಿನ ಸಂಶೋಧನಾ ಕೇಂದ್ರ ಕಾಳುಮೆಣಸಿನ ಮೊದಲ ಹೈಬ್ರಿಡ್ ತಳಿ ‘ಪನ್ನಿಯೂರು-1’ ಕೊಟ್ಟಿತು. ಅದರ ಉದ್ದನೆಯ ತೆನೆ ಘಟ್ಟದ ತೋಟಗಳಲ್ಲೂ ತೂಗಾಡಿತು. ಹೊಡೆತಗಳೂ ಬಂದವು. ಕಟ್ಟೆ ರೋಗ ಏಲಕ್ಕಿಯನ್ನು ತೋಟದಿಂದ ಮೂಲೆಗೆ ತಳ್ಳಿತು. ಮಳೆಗಾಲದ ಸೊರಗು ರೋಗ ತಗುಲಿದರೆ ವರ್ಷಗಟ್ಟಲೆ ಸಾಕಿದ ಮೆಣಸಿನ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಸಾಯುತ್ತದೆ.

ಸ್ವಾತಂತ್ರ್ಯದ ನಂತರ ಕಾಡಿನ ಮೇಲಿನ ಒತ್ತಡ ಇನ್ನೂ ಹೆಚ್ಚಿತು. ಪ್ಲೈವುಡ್, ಕಾಗದದ ಕಾರ್ಖಾನೆಗಳಿಗೆ ಮರ ಹೋಯಿತು, ನೈಸರ್ಗಿಕ ಕಾಡಿದ್ದ ಎಷ್ಟೋ ಕಡೆ ತೇಗದ ಸಾಲುಗಳು ಎದ್ದವು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಲಿನ ಜನ ಕಳಸೆ ಕಾಡಿಗೆ ನಡೆದು ಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳತ್ವದಲ್ಲಿ ಹಬ್ಬಿದ ಅಪ್ಪಿಕೋ ಚಳವಳಿಯನ್ನು ಪರಿಸರದ ಹೋರಾಟವೆಂದು ನಾಡು ಗುರುತಿಸಿತು. ಅಲ್ಲಿ ಸೇರಿದವರಲ್ಲಿ ಅನೇಕರು ಅಡಿಕೆ, ಮೆಣಸು ಬೆಳೆಯುವವರು. ಕಾಡು ಹೋದರೆ ಸೊಪ್ಪಿಲ್ಲ, ಹಳ್ಳದಲ್ಲಿ ಬೇಸಿಗೆಯ ನೀರಿಲ್ಲ, ತೋಟವೂ ಇಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

ಈಗ ದೇಶದ ಕಾಳುಮೆಣಸಿನಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಅದರ ದೊಡ್ಡ ಪಾಲು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ನೆರಳಿನ ಮರಗಳಿಂದ ಬರುತ್ತದೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಆ ಹೆಸರಿಗೆ ಮೂಲವಾದ ಬೆಟ್ಟಗಳು ಹಲವು ಕಡೆ ಬೋಳಾಗಿವೆ: ಸೊಪ್ಪು ಕಡಿದದ್ದಾಯಿತು, ಗಿಡ ನೆಟ್ಟದ್ದು ಕಡಿಮೆ. ದನಗಳು ಕಡಿಮೆಯಾದಂತೆ ಕೊಟ್ಟಿಗೆ ಗೊಬ್ಬರವೂ ಕಡಿಮೆಯಾಯಿತು. ಬೆಟ್ಟವನ್ನು ಬಳಸುವ ಹಕ್ಕಿಗಾಗಿ ಹಿರಿಯರು ದಶಕಗಟ್ಟಲೆ ಹೋರಾಡಿದರು. ಅದನ್ನು ಬೆಳೆಸುವ ಹೊಣೆಯೂ ಆ ಹಕ್ಕಿನ ಜೊತೆಗೇ ಬಂದದ್ದು. ಪ್ರತಿ ತೋಟಿಗರೂ ಬರುವ ಮಳೆಗಾಲದಲ್ಲಿ ತಮ್ಮ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನೇರಳೆಯಂಥ ನಾಡಮರಗಳ ಸಸಿ ನೆಡಬೇಕು. ಅರಣ್ಯ ಇಲಾಖೆ ಅದಕ್ಕೆ ಬೇಕಾದ ಸಸಿಯನ್ನು ಊರೂರಿಗೆ ಮುಟ್ಟಿಸಬೇಕು.